ಬೇಡ ಅನ್ನೋರು ಬೇಕು

ಕಳೆದ ಕೆಲವು ವರ್ಷಗಳಲ್ಲಿ ನಮ್ಮಂಥ ಐಟಿ ಮಂದಿ ಸ್ವಂತ ದುಡ್ಡು ಹಾಕಿ ತಂದ ಕಥೆ, ಪ್ರಬಂಧಗಳ ಪುಸ್ತಕಗಳನ್ನು ಒಂದಾದ ಮೇಲೊಂದು ಓದ್ತಾ ಬಂದಿದ್ದೇನೆ. ಒಂದಷ್ಟು ಗೆಳೆಯರವು, ಒಂದಷ್ಟು ಗೆಳೆಯರ ಗೆಳೆಯರವು. ಮುಖಪುಟ ಚೆಂದ, ಕಾಗದ ಚೆಂದ, ಬೆನ್ನುಡಿ ಇನ್ನೂ ಚೆಂದ. ಒಳಗಿರುವ ಅಜ್ಜಿ ಮಾತ್ರ ಎಲ್ಲ ಪುಸ್ತಕದಲ್ಲೂ ಒಬ್ಬಳೇ!

ಈ ಅಜ್ಜಿ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಾಳೆ. ಹೊರಗೆ ಮಳೆ ಸುರೀತಿರುತ್ತೆ. ಮೊಮ್ಮಗ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಅವಳನ್ನು ನೆನೆಯುತ್ತಾನೆ. ಅವಳಿಗೆ ಸೊಸೈಟಿ ಸಾಲ ಇಲ್ಲ, ಸೊಸೆ ಮೇಲೆ ಸಿಟ್ಟಿಲ್ಲ, ಜಾತಿಯಂತೂ ಇಲ್ಲವೇ ಇಲ್ಲ. ನಾನೂ ಹಳ್ಳಿಯಲ್ಲೇ ಬೆಳೆದವನು. ನಮ್ಮ ಕಡೆಯ ಅಜ್ಜಿಯರು ಹೊಲದ ಬದುವಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದುಂಟು, ಪಾಲಾಗುವಾಗ ಒಂದು ಹಿತ್ತಾಳೆ ಹಂಡೆಗೆ ಹಟ ಹಿಡಿದದ್ದುಂಟು. ಆ ಅಜ್ಜಿ ಈ ಪುಸ್ತಕಗಳೊಳಗೆ ಯಾಕೆ ಬರಲಿಲ್ಲ?

ಬರೆದವರಿಗೆ ಪ್ರತಿಭೆ ಇಲ್ಲ ಅಂತ ನಾನು ಒಪ್ಪಲ್ಲ. ಇದೇ ಪುಸ್ತಕಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಎದೆಗೆ ನಾಟುವಂತಿರುತ್ತೆ. ಆದರೆ "ಈ ಅಜ್ಜಿಯನ್ನ ಆಗಲೇ ನೋಡಿದೀವಿ ಮಾರಾಯ, ನಿಮ್ಮಜ್ಜಿ ಎಲ್ಲಿ?" ಅಂತ ಅಚ್ಚಿಗೆ ಹೋಗುವ ಮುಂಚೆ ಕೇಳುವವರೇ ಇರಲಿಲ್ಲ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ 'ಸ್ವತಂತ್ರ ಬರಹಗಾರ' ಅನ್ನೋ ಪದದ ದೊಡ್ಡ ಕೊರತೆ ಇದು. ಈ ಸ್ವಾತಂತ್ರ್ಯದಲ್ಲಿ ಬೇಡ ಅನ್ನೋರಿಗೆ ಜಾಗವೇ ಇಲ್ಲ.

ಸ್ವತಂತ್ರ ಬರಹಗಾರನ ಒಂದು ದಿನ ನೋಡಿ. ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ಮುಂಚೆ ಒಂದು ಬರಹ ಹಾಕ್ತಾನೆ. ಹತ್ತು ಗಂಟೆಗೆ ಮೂವತ್ತು ಲೈಕು, ನಾಲ್ಕು 'ಸೂಪರ್ ಮಗಾ', ಒಂದು 'ಕಣ್ಣು ತುಂಬಿ ಬಂತು'. ದಿನವಿಡೀ ತೇಲಾಡ್ತಾನೆ. ಮರುವಾರ ಅದಕ್ಕಿಂತ ಕಷ್ಟಪಟ್ಟು ಬರೆದದ್ದು ಹಾಕ್ತಾನೆ, ಒಬ್ಬರೂ ತಿರುಗಿ ನೋಡಲ್ಲ. ರಾತ್ರಿ ಹೊತ್ತಿಗೆ, ಬರೆಯೋದೇ ಬಿಟ್ಟುಬಿಡೋಣ ಅನ್ನಿಸಿರುತ್ತೆ.

ಪುಸ್ತಕ ಮಾಡಲು ಹೊರಟರೆ ಇನ್ನೊಂದು ಸುತ್ತು. ಯೂನಿಕೋಡ್‌ನಲ್ಲಿ ಬರೆದದ್ದನ್ನು ಪ್ರೆಸ್ಸಿನವರು ಹಳೇ ಫಾಂಟಿಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ. 500 ಪ್ರತಿ ಮನೆಗೆ ಬರುತ್ತವೆ, ಅರ್ಧ ಮಂಚದ ಕೆಳಗೆ ಸೇರುತ್ತವೆ. ಅಂಗಡಿಯಲ್ಲಿ ಇಟ್ಟರೆ ಕಮಿಷನ್ ಹೋಗುತ್ತೆ, ನೆಂಟರು 'ನಂಗೊಂದು ಕಾಪಿ ಕೊಡೋ' ಅಂತ ಪುಕ್ಕಟೆ ಒಯ್ಯುತ್ತಾರೆ.

ಈ ಏರಿಳಿತದ ಬಗ್ಗೆ ನಾವೆಲ್ಲ ಬೇಕಾದಷ್ಟು ಗೋಳಾಡುತ್ತೇವೆ. ಆದರೆ ಒಂದನ್ನು ಗಮನಿಸಿ. ಆ ಹೊಗಳಿಕೆಯಿಂದ ಅವನಿಗೆ ತನ್ನ ಬರಹದ ಬಗ್ಗೆ ಗೊತ್ತಾಗಿದ್ದೇನು? ಏನೂ ಇಲ್ಲ. ಆ ಮೌನದಿಂದ? ಅದೂ ಏನೂ ಇಲ್ಲ. ಏರು ಇಳಿವು ಎರಡೂ ಟೊಳ್ಳು. ಯಾವ ಪ್ಯಾರಾ ಎಳೆದಿದೆ, ಯಾವ ಮಾತು ಸುಳ್ಳು ಅನ್ನಿಸ್ತು ಅಂತ ಎರಡೂ ಹೇಳಲ್ಲ.

ನಮ್ಮ ಆಫೀಸಿನ ಕೆಲಸದಲ್ಲಿ ಹೀಗೆ ನಡೆಯಲ್ಲ. ಹತ್ತು ಸಾಲಿನ ಕೋಡ್ ಬರೆದರೂ ಇನ್ನೊಬ್ಬ ಓದಿ, 'ಇದು ಯಾಕೆ ಬೇಕು?' ಅಂತ ಕೇಳಿ, ನಾವು ಉತ್ತರ ಕೊಟ್ಟ ಮೇಲೇ ಅದು ಪ್ರೊಡಕ್ಷನ್ನಿಗೆ ಹೋಗೋದು. ಬ್ಯಾಂಕಿನ ಆ್ಯಪಿನ ಒಂದು ಬಟನ್ನಿಗೆ ಇಬ್ಬರ ಒಪ್ಪಿಗೆ ಬೇಕು ಅನ್ನೋ ನಾವು, ಹುಟ್ಟಿದ ಊರಿನ ಬಗ್ಗೆ ಬರೆದ ಇನ್ನೂರು ಪುಟವನ್ನು ಯಾರಿಗೂ ತೋರಿಸದೆ ಅಚ್ಚಿಗೆ ಕಳಿಸ್ತೀವಲ್ಲ!

ಸ್ವಂತವಾಗಿ ಬರೆದು ಸ್ವಂತವಾಗಿ ಮಾರೋದು ನಮ್ಮ ತಲೆಮಾರು ಕಂಡುಹಿಡಿದ ವಿದ್ಯೆ ಅಲ್ಲ. ಹಾವೇರಿ ಕಡೆಯ ಗಳಗನಾಥರನ್ನು ನೆನೆಯಿರಿ. ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಹುಟ್ಟಿದ್ದು 1869ರಲ್ಲಿ. 1907ರಲ್ಲಿ ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಶುರುವಾದಾಗ ಅದರ ಹಿಂದೆ ನಿಂತವರು. ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ನಡೆದು ಮಾರಿದವರು. ಈ ಕಥೆಯನ್ನು ನಾವು ಯಾವಾಗಲೂ 'ಅಯ್ಯೋ ಪಾಪ' ಅನ್ನೋ ದನಿಯಲ್ಲೇ ಹೇಳ್ತೀವಿ. ಪಾಪ ಅನ್ನಿಸೋದು ಸರಿಯೇ. ಆದರೆ ಆ ನಡಿಗೆಯಲ್ಲಿ ನಮಗಿಲ್ಲದ ಒಂದು ಲಾಭವೂ ಇತ್ತು ಅಂತ ನನಗನ್ನಿಸುತ್ತೆ. ಓದುಗ ಎದುರಿಗೇ ನಿಂತಿರುತ್ತಾನೆ. ಅವನು ನೆಂಟನಲ್ಲ, ಸಹೋದ್ಯೋಗಿ ಅಲ್ಲ. ಇಷ್ಟವಾಗದಿದ್ದರೆ ಜೇಬಿಗೆ ಕೈ ಹಾಕೋದೇ ಇಲ್ಲ. ಅದಕ್ಕಿಂತ ನೇರವಾದ ವಿಮರ್ಶೆ ಇನ್ನೆಲ್ಲಿದೆ?

ಪೆನ್ನೇ ಹೊಟ್ಟೆ ಹೊರೆಯಬೇಕು ಅಂತ ಹೊರಟರೆ ಏನಾಗುತ್ತೆ ಅನ್ನೋದಕ್ಕೆ ಅನಕೃ ಇದ್ದಾರೆ. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ಕನ್ನಡ ಪುಸ್ತಕ ಕೊಂಡು ಓದುವ ದೊಡ್ಡ ಬಳಗವನ್ನೇ ಕಟ್ಟಿದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಬರಹಗಾರನ ಬದುಕು'. ವಿಮರ್ಶಕರು ಅವರ ಮೇಲೆ ಹೊರಿಸಿದ ದೊಡ್ಡ ದೂರು ಅಂದ್ರೆ, ಅವಸರದಲ್ಲಿ ಜಾಸ್ತಿ ಬರೆದರು ಅನ್ನೋದು. ಆ ದೂರಿನಲ್ಲಿ ಅರ್ಥ ಇದೆ. ಆದರೆ ಬರೆದೇ ಬಾಳಬೇಕಾದವನಿಗೆ ಅವಸರ ಒಂದು ಆಯ್ಕೆ ಅಲ್ಲ, ತಿಂಗಳ ಕೊನೆ ಅದು. ನಮಗೆ ಆ ನೆಪವೂ ಇಲ್ಲವಲ್ಲ! ತಿಂಗಳ ಕೊನೆಗೆ ಸಂಬಳ ತಾನಾಗೇ ಬರುವ ನಾವು ಯಾವ ಅವಸರಕ್ಕೆ ವರ್ಷಕ್ಕೊಂದು ಪುಸ್ತಕ ತರ್ತಿದೀವಿ?

ಹಾಗೆ ನೋಡಿದರೆ ನಮಗೆ ಹತ್ತಿರದವರು ತೇಜಸ್ವಿ. ಮೂಡಿಗೆರೆಯಲ್ಲಿ ಕಾಫಿ ತೋಟ ಇತ್ತು, ಮೈಸೂರಿನಲ್ಲಿ ತಮ್ಮದೇ 'ಪುಸ್ತಕ ಪ್ರಕಾಶನ' ಇತ್ತು. ಅಂದರೆ ಅನ್ನಕ್ಕೊಂದು ದಾರಿ, ಅಚ್ಚಿಗೊಂದು ದಾರಿ. ಈ ಸ್ವಾತಂತ್ರ್ಯವನ್ನು ಅವರು ಯಾವುದಕ್ಕೆ ಬಳಸಿದರು ಅನ್ನೋದು ಮುಖ್ಯ. ನವ್ಯ ಸಾಹಿತ್ಯಕ್ಕೆ ಭರ್ತಿ ಬೆಲೆ ಇದ್ದ ಕಾಲದಲ್ಲಿ, 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲೇ ಆ ದಾರಿ ತನಗೆ ಸಾಕು, ಹೊಸ ದಿಕ್ಕು ಬೇಕು ಅಂತ ಸಾರಿಬಿಟ್ಟರು. ತಾನು ಬರೆದು ಬಂದಿದ್ದ ರೀತಿಗೆ ತಾನೇ ಬೇಡ ಅಂದರು. ಚಪ್ಪಾಳೆ ಸಿಗುವ ಕಡೆಯೇ ಬರೆಯುತ್ತಾ ಕೂತಿದ್ದರೆ 'ಕರ್ವಾಲೋ' ಹುಟ್ಟುತ್ತಿತ್ತಾ?

ಇದಕ್ಕೊಂದು ಗಟ್ಟಿ ಆಕ್ಷೇಪ ಇದೆ. "ಬೇಡ ಅನ್ನೋ ಅಧಿಕಾರ ಇದ್ದವರೆಲ್ಲ ಅದನ್ನ ಸರಿಯಾಗೇ ಬಳಸಿದ್ರಾ? ಬಳಗ ನೋಡಿ, ಊರು ನೋಡಿ, ಭಾಷೆಯ ಧಾಟಿ ನೋಡಿ ಎಷ್ಟು ಜನರನ್ನ ಹೊರಗಿಟ್ಟರು?" ನಿಜ. ನಮ್ಮಂಥ ಹಳ್ಳಿ ಹುಡುಗರಿಗೆ, ಹುಡುಗಿಯರಿಗೆ ಸ್ವಂತ ಪ್ರಕಟಣೆ ಒಂದು ಬಾಗಿಲು ತೆಗೆದಿದೆ, ಅದು ಮುಚ್ಚಬಾರದು. ಆದರೆ ಬಾಗಿಲು ಕಾಯುವವನು ಬೇರೆ, ಓದಿ ತಿದ್ದುವವನು ಬೇರೆ. ಮೊದಲನೆಯವನನ್ನು ಓಡಿಸುವ ಭರದಲ್ಲಿ ಎರಡನೆಯವನನ್ನೂ ಕಳಕೊಂಡುಬಿಟ್ಟೆವು.

ಅವನನ್ನು ವಾಪಸ್ ಕರೆಯೋದು ಕಷ್ಟವೇನಲ್ಲ, ಸ್ವಲ್ಪ ದುಬಾರಿ ಅಷ್ಟೆ. ಮುಖಪುಟದ ಕಲಾವಿದನಿಗೆ ಕೊಡುವಷ್ಟನ್ನಾದರೂ ಹಸ್ತಪ್ರತಿ ತಿದ್ದುವವರಿಗೆ ಕೊಡಿ. ಭಾಷೆ ಬಲ್ಲ ನಿವೃತ್ತ ಮೇಷ್ಟ್ರು ಪ್ರತಿ ಊರಲ್ಲೂ ಸಿಗುತ್ತಾರೆ. ನಿಮ್ಮನ್ನು ಮೆಚ್ಚಿಸುವ ದರ್ದಿಲ್ಲದ ಇಬ್ಬರಿಗೆ ಕೊಟ್ಟು, 'ಎಲ್ಲಿ ಓದೋದು ನಿಲ್ಲಿಸಿದ್ರಿ?' ಅನ್ನೋ ಒಂದೇ ಪ್ರಶ್ನೆ ಕೇಳಿ. ಆ ಪುಟದ ಸಂಖ್ಯೆ ನೂರು ಲೈಕಿಗಿಂತ ಹೆಚ್ಚು ಕಲಿಸುತ್ತೆ. ಹಾಗೇ ಗೆಳೆಯರ ಪುಸ್ತಕ ಬಂದಾಗ ಫೋಟೋ ತೆಗೆದು 'ಅಭಿನಂದನೆಗಳು' ಅಂತ ಹಾಕಿ ಮುಗಿಸಬೇಡಿ. ದುಡ್ಡು ಕೊಟ್ಟು ಕೊಳ್ಳಿ, ಓದಿ, ಯಾವ ಕಥೆ ಕೈಕೊಟ್ಟಿತು ಅಂತ ಫೋನ್ ಮಾಡಿ ಹೇಳಿ. ಎರಡು ದಿನ ಮುನಿಸಿಕೊಳ್ಳಬಹುದು. ಮುನಿಸು ಇಳಿದ ಮೇಲೆ ಅವನು ಒಲೆ ಮುಂದಿನ ಅಜ್ಜಿಯನ್ನು ಬಿಟ್ಟು, ಹಂಡೆಗಾಗಿ ಹಟ ಹಿಡಿದ ಅಜ್ಜಿಯ ಬಗ್ಗೆ ಬರೆಯಲು ಕೂತರೂ ಕೂರಬಹುದು.