ನಿಲ್ಲಿಸಲು ಬರುವವರ ಕೈಯಲ್ಲಿ ವಿಡಿಯೊ

ಹೈಸ್ಕೂಲಿನ ಎರಡು ಪಾಠ ತೆಗೆದುಕೊಳ್ಳಿ: ಒಂದು ಹೃದಯ, ಇನ್ನೊಂದು ಪೈಥಾಗೊರಸ್ ಪ್ರಮೇಯ. ಪುಸ್ತಕದ ಚಿತ್ರದಲ್ಲಿ ಹೃದಯದ ನಾಲ್ಕು ಕೋಣೆಗಳು ಅಲುಗಾಡದೆ ನಿಂತಿರುತ್ತವೆ, ರಕ್ತ ಹರಿಯುವುದಕ್ಕೆ ಬಾಣದ ಗುರುತೇ ಗತಿ. ಹೃತ್ಕುಕ್ಷಿ ಸಂಕುಚಿಸಿದ ಕೂಡಲೇ ಕವಾಟ ಮುಚ್ಚಿ, ರಕ್ತ ಹಿಂದಕ್ಕೆ ಹೋಗದಂತೆ ತಡೆಯುತ್ತದೆ ಎಂಬುದನ್ನು ಬಾಣ ಹೇಳಲಾರದು. ಅರ್ಧ ನಿಮಿಷದ ಅನಿಮೇಷನ್ ಅದನ್ನು ತೋರಿಸುತ್ತದೆ. ಕವಾಟ ಮುಚ್ಚುವ ಹೊತ್ತಿಗೆ ಮೇಷ್ಟ್ರು ವಿಡಿಯೊ ನಿಲ್ಲಿಸಿ, 'ಈಗ ರಕ್ತ ಎಲ್ಲಿಗೆ ಹೋಗಬೇಕು?' ಎಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಪ್ರಮೇಯದ ಕಥೆ ಬೇರೆ. ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಲಂಬ ಎಳೆಯಬೇಕೆಂದು ಹೊಳೆಯುವುದೇ ಅಲ್ಲಿನ ಜೀವಾಳ; ಆ ಒಂದು ಗೆರೆಯಿಂದ ಹುಟ್ಟುವ ಎರಡೂ ತ್ರಿಭುಜಗಳು ಮೂಲ ತ್ರಿಭುಜಕ್ಕೆ ಸಮರೂಪವಾಗುತ್ತವೆ. ಸ್ಲೈಡಿನಲ್ಲಿ ಆ ಗೆರೆ ಮೊದಲೇ ಬಿದ್ದಿರುತ್ತದೆ, ಸಾಧನೆಯೂ ಪೂರ್ತಿ ಬಂದು ಕೂತಿರುತ್ತದೆ. ಮಕ್ಕಳಿಗೆ ಉಳಿಯುವುದು ನಕಲು ಮಾಡುವ ಕೆಲಸ. ಸೀಮೆಸುಣ್ಣ ಹಿಡಿದ ಕೈ ಹಲಗೆಯ ಮುಂದೆ ತಡೆದು ನಿಲ್ಲುವ ಆ ಕ್ಷಣದಲ್ಲೇ ಗಣಿತ ನಡೆಯುವುದು.

ಸಂಶೋಧನೆಯೂ ಈ ಮಾತಿನಿಂದ ದೂರವಿಲ್ಲ. ಬರೀ ಮಾತಿಗಿಂತ ಮಾತು–ಚಿತ್ರ ಸೇರಿದಾಗ ಕಲಿಕೆ ಹೆಚ್ಚು ಎಂದು ತೋರಿಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪ್ರಮುಖರು. ಪರದೆಯ ಮೇಲಿನ ವಾಕ್ಯವನ್ನೇ ದನಿಯಲ್ಲೂ ಓದಿಸಿದರೆ, ಹಿನ್ನೆಲೆ ಸಂಗೀತ, ಅಲಂಕಾರದ ಚಿತ್ರ ತುಂಬಿದರೆ ಕಲಿಕೆ ತಗ್ಗುತ್ತದೆ ಎಂದದ್ದೂ ಅವರೇ. (ಡಿಜಿಟಲ್ ಪಾಠ ಮಾರುವವರಿಗೆ ಈ ಮಾತಿನ ಮೊದಲರ್ಧ ಸಾಕು.) ನಮ್ಮ ಎಷ್ಟೋ ಡಿಜಿಟಲ್ ಪಾಠಗಳು ಎರಡನೆಯ ಅರ್ಧವನ್ನು ಓದಿಯೇ ಇಲ್ಲವೇನೋ ಎನಿಸುತ್ತದೆ: ಕುಣಿಯುವ ಕಾರ್ಟೂನು, ನಿಲ್ಲದ ಸಂಗೀತ, ವಿವರಣೆ ಕನ್ನಡದಲ್ಲಿ, ಚಿತ್ರದ ಭಾಗಗಳ ಹೆಸರು ಇಂಗ್ಲಿಷಿನಲ್ಲಿ. ಮಕ್ಕಳು ಆಸೆಪಟ್ಟು ನೋಡುತ್ತಾರಲ್ಲ ಎನ್ನಬಹುದು. ನೋಡುತ್ತಾರೆ, ನಿಜ, ಆದರೆ ಆಸಕ್ತಿ ಕವಾಟದ ಮೇಲೋ ಕಾರ್ಟೂನಿನ ಮೇಲೋ ಎಂಬುದನ್ನು ಮರುದಿನ ಒಂದು ಪ್ರಶ್ನೆ ಕೇಳಿದರೆ ತಿಳಿಯುತ್ತದೆ.

ಪ್ರಯೋಗಾಲಯವಿಲ್ಲದ, ವಿಷಯ ಶಿಕ್ಷಕರಿಲ್ಲದ ಶಾಲೆಗಳ ಗತಿಯೇನು ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಅದಕ್ಕೆ ಉತ್ತರ ಹುಡುಕುವ ಯತ್ನ ಹಳೆಯದು: 1975–76ರ 'ಸೈಟ್' ಯೋಜನೆಯಲ್ಲಿ ಉಪಗ್ರಹದ ಮೂಲಕ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿ.ವಿ. ಪಾಠ ಬಂತು, 2004ರಲ್ಲಿ ಹಾರಿದ ಶಿಕ್ಷಣದ ಉಪಗ್ರಹ ಎಜುಸ್ಯಾಟ್ ಚಾಮರಾಜನಗರದ ಪ್ರಾಥಮಿಕ ಶಾಲೆಗಳನ್ನು ಮುಟ್ಟಿತು. ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಪ್ರಸಾರವಾಗುವ ಪಾಠವನ್ನು ನಡುವೆ ನಿಲ್ಲಿಸುವಂತಿರಲಿಲ್ಲ. ಇಂದಿನ ವಿಡಿಯೊವನ್ನು ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು. ಇದು ದೊಡ್ಡ ಲಾಭ. ಎಲ್ಲಿ ನಿಲ್ಲಿಸಬೇಕೆಂದು ತಿಳಿದವರೊಬ್ಬರು ಕೋಣೆಯಲ್ಲಿ ಇಲ್ಲದಿದ್ದರೆ ಆ ಲಾಭ ಕೈಗೆ ಬರುವುದಿಲ್ಲ. ಕಲಿಸುವುದು ಬೋಧನೆಯ ಕ್ರಮವೇ ಹೊರತು ಮಾಧ್ಯಮವಲ್ಲ ಎಂದು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲೇ ವಾದಿಸಿದ್ದರು. ಹೃದಯದ ಕವಾಟದ ಮಟ್ಟಿಗೆ ಅವರ ಮಾತು ತುಸು ಅತಿಯಾಯಿತು, ಪ್ರಮೇಯದ ಮಟ್ಟಿಗೆ ಅಕ್ಷರಶಃ ನಿಜ.

ಆದ್ದರಿಂದ ಸ್ಮಾರ್ಟ್ ಬೋರ್ಡ್ ಕೊಳ್ಳಲು ಹೊರಟ ಶಾಲಾಭಿವೃದ್ಧಿ ಸಮಿತಿಗಳು (ಎಸ್‌ಡಿಎಂಸಿ) ಡೆಮೊ ನೋಡುವಾಗ ಮೂರು ಮಾತು ಕೇಳಲಿ: ಭಾಗಗಳ ಹೆಸರು ಕನ್ನಡದಲ್ಲಿದೆಯೇ, ಸಂಗೀತ ಬಂದ್ ಮಾಡಲು ಬರುತ್ತದೆಯೇ, ನಡುವೆ ನಿಲ್ಲಿಸಿ ಚಿತ್ರದ ಮೇಲೆ ಬರೆಯಬಹುದೇ? ಇಲ್ಲ ಎಂದರೆ, ಆ ಹಣದಲ್ಲಿ ಒಂದು ಒಳ್ಳೆಯ ಕಪ್ಪುಹಲಗೆಯನ್ನೂ ಪ್ರಯೋಗದ ಸಾಮಾನನ್ನೂ ತರಲಿ.