ಪುರುಷರ ಉಷ್ಣಬಾಧೆಗೆ ಸೂಜಿಚಿಕಿತ್ಸೆ: ಒಂದು ಪ್ರಯೋಗದ ವಿಮರ್ಶೆ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಬೆಳವಣಿಗೆಗೆ ಪುರುಷ ಹಾರ್ಮೋನು ಆಧಾರವೆಂಬುದನ್ನು ಹಗ್ಗಿನ್ಸ್ ಮತ್ತು ಹಾಜಸ್ ಎಂಬ ವಿದ್ವಾಂಸರು 1941ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಆ ಹಾರ್ಮೋನನ್ನು ತಗ್ಗಿಸುವುದು ಈ ರೋಗದ ಚಿಕಿತ್ಸೆಯಲ್ಲಿ ಮುಖ್ಯಾಂಗವಾಗಿದೆ. ಆದರೆ ಹಾಗೆ ತಗ್ಗಿಸಿದಾಗ ಮಿದುಳಿನ ಉಷ್ಣನಿಯಂತ್ರಣ ಕದಡಿ, ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರು ಸುರಿಯುವ ಬಾಧೆ ಅನೇಕರಿಗೆ ಉಂಟಾಗುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಸ್ತ್ರೀಯರಿಗೆ ಬರುವ ಬಾಧೆಯನ್ನೇ ಇದು ಹೋಲುತ್ತದೆ. ಇದಕ್ಕೆ ಕೊಡುವ ಔಷಧಗಳಿಗೂ ತಮ್ಮವೇ ಆದ ಉಪದ್ರವಗಳಿರುವುದರಿಂದ ಸೂಜಿಚಿಕಿತ್ಸೆಯತ್ತ ಗಮನ ಹರಿದುದು ಸಹಜ.

ಸ್ವೀಡನ್ನಿನಲ್ಲಿ 1999ರಲ್ಲಿ ಏಳು ಮಂದಿ ರೋಗಿಗಳ ಮೇಲೆ ಮೊದಲ ಪರೀಕ್ಷೆ ನಡೆಯಿತು. ಸೂಜಿಯ ಚೋದನೆಯಿಂದ ಎಂಡಾರ್ಫಿನ್ ಹೆಚ್ಚಿ ಉಷ್ಣನಿಯಂತ್ರಣ ಸಮಸ್ಥಿತಿಗೆ ಬಂದೀತೆಂಬುದು ಅದರ ಹಿಂದಿನ ಊಹೆ. ಅಲ್ಲಿಯದೇ ಆದ, ಫ್ರಿಸ್ಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವು ಪ್ರಕೃತ ವಿಮರ್ಶೆಯ ವಿಷಯ. 31 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ, ಒಂದಕ್ಕೆ ವಿದ್ಯುತ್ ಹಾಯಿಸಿದ ಸೂಜಿಯನ್ನೂ ಮತ್ತೊಂದಕ್ಕೆ ಸಾಂಪ್ರದಾಯಿಕ ಸೂಜಿಯನ್ನೂ 12 ವಾರ ಪ್ರಯೋಗಿಸಲಾಯಿತು. ದಿನವೊಂದಕ್ಕೆ ಬಾಧೆಯ ಮಧ್ಯಾಂಕವು ಮೊದಲನೆಯ ಗುಂಪಿನಲ್ಲಿ 7.6ರಿಂದ 4.1ಕ್ಕೂ, ಎರಡನೆಯದರಲ್ಲಿ 5.7ರಿಂದ 3.4ಕ್ಕೂ ಇಳಿಯಿತು.

ಈ ಇಳಿತವನ್ನು ನಾವು ಅಲ್ಲಗಳೆಯುವುದಿಲ್ಲ. ಅದು ಸೂಜಿಯಿಂದಲೇ ಆಯಿತೆಂಬುದನ್ನು ಮಾತ್ರ ಒಪ್ಪಲಾರೆವು. ಸೂಜಿಯನ್ನು ಸೂಜಿಯೊಡನೆಯೇ ಹೋಲಿಸಿದರೆ ಎರಡರಲ್ಲಿ ಯಾವುದು ಮೇಲೆಂದು ತಿಳಿದೀತೇ ಹೊರತು, ಸೂಜಿಯಿಂದ ಫಲವುಂಟೇ ಎಂಬುದು ತಿಳಿಯದು. ಬಾಧೆ ಹೆಚ್ಚಾಗಿದ್ದಾಗಲೇ ರೋಗಿ ವೈದ್ಯನಲ್ಲಿಗೆ ಬರುತ್ತಾನೆ. ಕಾಲಕ್ರಮದಲ್ಲಿ ಅದು ತಾನಾಗಿಯೇ ತಗ್ಗುವುದುಂಟು. ವಾರವಾರವೂ ಒಬ್ಬರು ಕುಳಿತು ವಿಚಾರಿಸುವ ಆರೈಕೆಯೂ ಫಲ ಕೊಡುತ್ತದೆ. ಈ ಕಾರಣಗಳನ್ನು ಬೇರ್ಪಡಿಸಬಲ್ಲ ಮೂರನೆಯ ಗುಂಪು ಇಲ್ಲಿಲ್ಲ. ಚಿಕಿತ್ಸೆಯಿಲ್ಲದ ಅಥವಾ ಹುಸಿಚಿಕಿತ್ಸೆಯ ಗುಂಪಿನೊಡನೆ ಮುಂದಿನ ಪರೀಕ್ಷೆ ನಡೆಯಬೇಕೆಂದು ಲೇಖಕರೇ ಹೇಳಿರುವುದು ಪ್ರಶಂಸನೀಯ. ಆದರೂ ಅದೇ ಉಸಿರಿನಲ್ಲಿ ಇದನ್ನು ಪರ್ಯಾಯ ಚಿಕಿತ್ಸೆಯೆಂದು ಪರಿಗಣಿಸಬಹುದೆಂದಿರುವುದು ಆಧಾರವನ್ನು ಮೀರಿದ ಮಾತು.

ನಮ್ಮ ಸಂಶಯಕ್ಕೆ ಆಸ್ಟ್ರೇಲಿಯದ ಒಂದು ಪ್ರಯೋಗ ಬಲ ಕೊಡುತ್ತದೆ. 2016ರಲ್ಲಿ ಪ್ರಕಟವಾದ ಅದರಲ್ಲಿ 327 ಸ್ತ್ರೀಯರು ಭಾಗವಹಿಸಿದ್ದರು. ಚರ್ಮವನ್ನು ಚುಚ್ಚದ ಹುಸಿಸೂಜಿಯೂ ನಿಜವಾದ ಸೂಜಿಯೂ ಬಾಧೆಯನ್ನು ಸುಮಾರು ಶೇಕಡ 40ರಷ್ಟು ಸಮನಾಗಿಯೇ ತಗ್ಗಿಸಿದವು. ಸ್ವೀಡನ್ನಿನ ಇಳಿತವೂ ಇದಕ್ಕೆ ಸಮೀಪದ್ದೇ. ಸ್ತ್ರೀಯರ ವಿಷಯವನ್ನು ಪುರುಷರಿಗೆ ನೇರವಾಗಿ ಅನ್ವಯಿಸಲಾಗದು, ನಿಜ. ಆದರೆ ಹುಸಿಸೂಜಿಯಿಂದಲೇ ಇಷ್ಟು ಇಳಿತ ಸಾಧ್ಯವಿರುವಾಗ, ಅಷ್ಟೇ ಇಳಿತವನ್ನು ಸೂಜಿಯ ಗುಣವೆನ್ನುವುದು ತರ್ಕಸಮ್ಮತವಲ್ಲ.

ಇದು ಬರಿಯ ಪಂಡಿತವಾದವಲ್ಲ. ಬಾಧೆ ತಾಳಲಾರದೆ ರೋಗಿಯು ಮೂಲಚಿಕಿತ್ಸೆಯನ್ನೇ ಬಿಟ್ಟರೆ ಕ್ಯಾನ್ಸರು ಮುಂದುವರಿಯುವ ಭಯವಿದೆ. ಅಂಥವನಿಗೆ ವೃಥಾ ಭರವಸೆ ಕೊಡುವುದೂ ತಪ್ಪು, ಪರೀಕ್ಷಿಸದೆ ನಿರಾಕರಿಸುವುದೂ ತಪ್ಪು. ಆರೈಕೆಯೇ ಗುಣಕಾರಿಯಾಗಿದ್ದರೆ ಸೂಜಿಯಿಲ್ಲದೆಯೂ ಅದನ್ನು ಒದಗಿಸಬಹುದು. ಆದುದರಿಂದ ಮೂರನೆಯ ಗುಂಪುಳ್ಳ ಪ್ರಯೋಗ ಅತ್ಯವಶ್ಯವೆಂದು ನಮ್ಮ ಮತ.