ಕಾವಿಗಿಡುವ ಮುಂಚೆ

ಸಿರಿಗೆರೆ ಮಠದ ಊರು. ಇಲ್ಲಿ ಕೋಳಿಯ ಮಾತನ್ನು ಕೊಂಚ ತಗ್ಗಿದ ದನಿಯಲ್ಲೇ ಆಡಬೇಕು. ಆದರೂ ಸುತ್ತಲ ಹಟ್ಟಿಗಳಲ್ಲಿ, ಹೊಲದ ಮನೆಗಳಲ್ಲಿ ಹೇಂಟೆ ಸಾಕುವವರಿಗೆ ಬರವಿಲ್ಲ. ಈಚೆಗೆ ಹುಡುಗರು ಥರ್ಮಾಕೋಲ್ ಡಬ್ಬಕ್ಕೆ ಬಲ್ಬು, ಫ್ಯಾನು ಸಿಕ್ಕಿಸಿ ತಾವೇ ಮರಿ ಮಾಡುವ ಮಷೀನು ಕಟ್ಟಿಕೊಳ್ಳುತ್ತಾರೆ. ಮರಿ ಏಳದಿದ್ದರೆ ಬೈಗುಳವೆಲ್ಲ ಮಷೀನಿಗೆ. ನನ್ನ ಲೆಕ್ಕದಲ್ಲಿ ಅದು ಬಹುಪಾಲು ನಿರಪರಾಧಿ.

ಮಷೀನಿನ ಕೆಲಸ ಇರುವುದೇ ಇಷ್ಟು: 37.5 ಡಿಗ್ರಿ ಶಾಖ, ಮೊದಲ 18 ದಿನ ಐವತ್ತು ಚಿಲ್ಲರೆ ಶೇಕಡಾ ತೇವ, ದಿನಕ್ಕೆ ಮೂರ‍್ನಾಲ್ಕು ಸಲ ಹೊರಳಿಸುವುದು. ಕೊನೆಯ ಮೂರು ದಿನ ತೇವ ಹೆಚ್ಚಿಸಿ ಕೈ ಕಟ್ಟಿ ಕೂರುವುದು. 21ನೇ ದಿನದ ಹೊತ್ತಿಗೆ ಚಿಪ್ಪು ಬಿರಿಯಬೇಕು. ನಾಟಿ ಹೇಂಟೆ ಇಷ್ಟನ್ನೂ ಥರ್ಮಾಮೀಟರ್ ಇಲ್ಲದೆ ಮಾಡುತ್ತದೆ. ಹೆಬ್ಬಾಳದಲ್ಲಿ ಬೆಳೆದುಬಂದ ಗಿರಿರಾಜ, ಸ್ವರ್ಣಧಾರ ತಳಿಗಳು ಮೊಟ್ಟೆಯಲ್ಲಿ ಧಾರಾಳಿಗಳು, ಕಾವು ಕೂರುವುದರಲ್ಲಿ ಸೋಮಾರಿಗಳು. ಅವುಗಳ ಮೊಟ್ಟೆಯನ್ನು ನಾಟಿ ಹೇಂಟೆಯ ಮಡಿಲಿಗೆ ಸೇರಿಸುವುದೇ ಜಾಣತನ.

ಕೆಡುವುದು ಅದಕ್ಕೂ ಮುಂಚೆ. ಮೊಟ್ಟೆಯೊಳಗಿನ ಜೀವ ಸುಮಾರು 20 ಡಿಗ್ರಿ ದಾಟಿದರೆ ಅರೆಬರೆ ಎಚ್ಚರವಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ಶೀಟಿನ ಮನೆಯ ಗೂಡಿನಲ್ಲಿ ವಾರವಿಡೀ ಇಟ್ಟ ಮೊಟ್ಟೆ ಕಾವಿಗೆ ಹೋಗುವ ಮುನ್ನವೇ ಮೊಳೆತು ಸತ್ತಿರುತ್ತದೆ. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆಯಿಟ್ಟು, ಅದರೊಳಗೆ ಹುಲ್ಲು ಹಾಸಿ, ಚೂಪು ತುದಿ ಕೆಳಗೆ ಬರುವಂತೆ ಜೋಡಿಸಿಡಿ. ಒಂದು ವಾರ ದಾಟಿಸಬೇಡಿ. ತೊಳೆಯಲಂತೂ ಬೇಡಿ.

ಇನ್ನು ಮೇವು. ಇದು ಮೆಕ್ಕೆಜೋಳದ ಸೀಮೆಯಾದ್ದರಿಂದ ಬೊಗಸೆಗಟ್ಟಲೆ ಎರಚುವುದು ಸುಲಭ. ಭಂಡಾರ ಕಡುಹಳದಿಯಾಗುತ್ತದೆ, ನೆಂಟರು ‘ಪುಷ್ಟಿಯಾದ ಮೊಟ್ಟೆ’ ಎಂದು ಹೊಗಳುತ್ತಾರೆ. ಅದು ಜೋಳದ ಬಣ್ಣ, ಪುಷ್ಟಿಯ ಪುರಾವೆಯಲ್ಲ. ಮೆಕ್ಕೆಜೋಳದಲ್ಲಿ ಪ್ರೋಟೀನು ಶೇ. 9 ಇದ್ದರೆ ಹೆಚ್ಚು, ಮೊಟ್ಟೆಯಿಡುವ ಹೇಂಟೆಗೆ ಬೇಕಾದದ್ದು 16ರ ಮೇಲೆ. ಬರೀ ಜೋಳ ತಿಂದದ್ದು ಕೊಬ್ಬುತ್ತದೆ, ಮೊಟ್ಟೆ ಕಡಿಮೆ ಮಾಡುತ್ತದೆ. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆ ನಮ್ಮ ಜಿಲ್ಲೆಯಲ್ಲೇ ಇದೆ, ಶೇಂಗಾ ಹಿಂಡಿಗೆ ಅಲೆಯಬೇಕಿಲ್ಲ. ಮೂಸಿ ನೋಡಿ ಕೊಳ್ಳಿ. ಬೂಷ್ಟಿನ ವಾಸನೆ ಬಂದರೆ ಪುಕ್ಕಟೆ ಕೊಟ್ಟರೂ ಬೇಡ, ಆ ವಿಷ ನೇರ ಪಿತ್ತಜನಕಾಂಗಕ್ಕೆ ತಾಗುತ್ತದೆ. ಜೊತೆಗೆ ನುಗ್ಗೆಸೊಪ್ಪು, ಸಿಕ್ಕರೆ ಗೆದ್ದಲು.

ಮರಿಗೆಂದು ಮೊಟ್ಟೆ ಕೂಡಿಡುವವರು ಇನ್ನೊಂದನ್ನು ಮರೆಯುತ್ತಾರೆ: ಮಜ್ಜಿಗೆ. ಬಿ2 ಜೀವಸತ್ವ ಸಾಲದ ತಾಯಿಯ ಮೊಟ್ಟೆಯಲ್ಲಿ ಮರಿ ಅರ್ಧ ಬೆಳೆದು ಸಾಯುತ್ತದೆ. ಬದುಕಿದರೂ ಕಾಲ್ಬೆರಳು ಒಳಕ್ಕೆ ಸುರುಟಿಕೊಳ್ಳಬಹುದು. ಹಸಿರು ಸೊಪ್ಪು, ಮಜ್ಜಿಗೆ ಎರಡರಲ್ಲೂ ಅದು ಉಂಟು. ಕೂಡಿಡುವ ಎರಡು-ಮೂರು ವಾರ ಮೊದಲೇ ಶುರು ಮಾಡಿದರೆ ಮಾತ್ರ ಫಲ.

ಚಿಪ್ಪಿನ ವಿಚಾರ ನನಗೆ ಬಲು ಇಷ್ಟ. ಒಂದೊಂದು ಚಿಪ್ಪಿಗೂ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು, ಅದು ಕಟ್ಟಿಕೊಳ್ಳಲು ಸುಮಾರು 20 ಗಂಟೆ, ಬಹುಪಾಲು ರಾತ್ರಿ. ಬೆಳಿಗ್ಗೆ ಹಾಕಿದ ಸುಣ್ಣದ ಪುಡಿ ಅಷ್ಟು ಹೊತ್ತಿಗೆ ಕರಗಿ ಹೋಗಿರುತ್ತದೆ. ಕಪ್ಪೆಚಿಪ್ಪಿನ ದಪ್ಪ ಚೂರುಗಳನ್ನು ಸಂಜೆ ಬೇರೆ ಬಟ್ಟಲಲ್ಲಿಡಿ. ಅವು ಹೊಟ್ಟೆಯಲ್ಲಿ ನಿಂತು ರಾತ್ರಿಯಿಡೀ ಮೆಲ್ಲಗೆ ಕರಗುತ್ತವೆ. ಎಷ್ಟು ಬೇಕೆಂದು ಹೇಂಟೆಗೇ ಗೊತ್ತು. ಹುಂಜ ಅತ್ತ ಕೊಕ್ಕು ಹಾಕುವುದು ಕಡಿಮೆ.

ಇಷ್ಟಾದರೂ ಮರಿ ಏಳಲಿಲ್ಲವೆ? ಉಳಿದವನ್ನು ತಿಪ್ಪೆಗೆಸೆಯುವ ಮುನ್ನ ಮೂಗು ಮುಚ್ಚಿಕೊಂಡು ಒಡೆದು ನೋಡಿ. ಭಂಡಾರದ ಮೇಲೆ ರಕ್ತದ ಉಂಗುರ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇಟ್ಟ ಜಾಗವನ್ನು. ಮರಿ ನಡುವಿನಲ್ಲಿ ಸತ್ತಿದ್ದರೆ ತಾಯಿಯ ಮೇವನ್ನು. ಎಲ್ಲವೂ ಗೊಡ್ಡು ಮೊಟ್ಟೆಯೇ ಆಗಿದ್ದರೆ ಹುಂಜಕ್ಕೆ ವಯಸ್ಸಾಗಿದೆ, ಅಥವಾ ಒಂದಕ್ಕೆ ಹತ್ತಕ್ಕಿಂತ ಹೆಚ್ಚು ಹೇಂಟೆಗಳಾಗಿವೆ. ಮುದಿ ಹುಂಜವಾದರೆ ಊರಹಬ್ಬದವರೆಗೆ ಕಾಯಬೇಕಿಲ್ಲ.